ವಾರಕ್ಕೆ ಮೂರೇ ಗಂಟೆ ಸಿಗೋದು, ತಾರಸಿ ಕೈತೋಟ ಉಳಿಸಿಕೊಳ್ಳೋದು ಹೇಗೆ?

ಮೈಸೂರ_ಮಲ್ಲಿಗೆ | ಭಾನುವಾರ, ಬೆಳಿಗ್ಗೆ 7:40

ಎಲ್ಲರಿಗೂ ನಮಸ್ಕಾರ. ಎರಡು ವರ್ಷದ ಹಿಂದೆ ಮನೆ ತಾರಸಿ ಮೇಲೆ 36 ಗ್ರೋ ಬ್ಯಾಗ್ ಇಟ್ಟು ತರಕಾರಿ ಶುರು ಮಾಡಿದೆ. ಟೊಮೆಟೊ, ಬದನೆ, ಬೆಂಡೆ, ದಪ್ಪ ಮೆಣಸಿನಕಾಯಿ, ಹೂಕೋಸು, ಕ್ಯಾರೆಟ್, ಪಾಲಕ್, ಹೀರೆ, ಎಲ್ಲಾ. ಆಗ ಅಮ್ಮ ದಿನಾ ಸಂಜೆ ಮೇಲೆ ಹೋಗಿ ನೀರು ಹಾಕಿ, ಹುಳ ಆರಿಸಿ, ಗಿಡದ ಜೊತೆ ಮಾತಾಡಿಕೊಂಡು ಬರ್ತಿದ್ದರು. ಈಗ ಅವರಿಗೆ ಮಂಡಿ ನೋವು, ಮೆಟ್ಟಿಲು ಹತ್ತೋಕೆ ಆಗ್ತಿಲ್ಲ. ನಾನು, ನಮ್ಮ ಯಜಮಾನರು ಇಬ್ಬರೂ ಕೆಲಸಕ್ಕೆ ಹೋಗೋರು. ಬೆಳಿಗ್ಗೆ ಮಗನ ಸ್ಕೂಲ್ ವ್ಯಾನ್ ಬರೋಕೆ ಮುಂಚೆ ಹತ್ತು ನಿಮಿಷ, ಭಾನುವಾರ ಒಂದೆರಡು ಗಂಟೆ, ಸಿಗೋದು ಇಷ್ಟೇ.

ಏಪ್ರಿಲ್‌ನಲ್ಲಿ ಮದುವೆಗೆ ಅಂತ ಊರಿಗೆ ಹೋದವರು ಐದು ದಿನ ಬಿಟ್ಟು ಬಂದೆವು. ಪಕ್ಕದ ಮನೆಯವರಿಗೆ ಹೇಳಿ ಹೋಗಿದ್ದೆ, ಪಾಪ ಅವರಿಗೂ ಎರಡು ದಿನ ಆಗಲಿಲ್ಲ. ಬಂದು ನೋಡಿದರೆ 36ರಲ್ಲಿ 9 ಉಳಿದಿದ್ದವು. ಕರಿಬೇವು ಒಂದು, ದೊಡ್ಡಪತ್ರೆ ಒಂದು, ನುಗ್ಗೆ ಒಂದು, ಮೆಣಸಿನ ಗಿಡ ಮೂರು, ಬಸಳೆ ಎರಡು, ಬದನೆ ಒಂದು. ಆ ದಿನ ನನಗೆ ಅಳುವೇ ಬಂತು.

ಕೇಳಬೇಕಾಗಿರೋದು:
ಟೈಮರ್ ಇರೋ ಡ್ರಿಪ್ (ಹನಿ ನೀರಾವರಿ) ಹಾಕಿಸಿದರೆ ನಿಜವಾಗಿ ಕೆಲಸ ಕಡಿಮೆ ಆಗುತ್ತಾ?
ಟೊಮೆಟೊ ಕಾಯಿ ತಳದಲ್ಲಿ ಕಪ್ಪಾಗಿ ಕೊಳೆಯುತ್ತಿತ್ತು, ಅದು ಯಾಕೆ?
ಮೆಣಸಿನ ಗಿಡಕ್ಕೆ ಬಿಳಿ ಹತ್ತಿ ಥರ ಅಂಟಿಕೊಂಡಿದೆ, ಏನು ಮಾಡಲಿ?
ಇಲ್ಲಾ ಇಷ್ಟಕ್ಕೇ ನಿಲ್ಲಿಸಿಬಿಡಲಾ? ಅಮ್ಮ ಬಾಯಿಬಿಟ್ಟು ಏನೂ ಹೇಳಲ್ಲ, ಆದರೆ ದಿನಾ ಸಂಜೆ "ಮೇಲೆ ಹೋಗಿದ್ಯಾ?" ಅಂತ ಕೇಳ್ತಾರೆ.

ಹಿತ್ತಲಗಿಡ | ಬೆಳಿಗ್ಗೆ 7:58

ನಿಲ್ಲಿಸಬೇಡಿ ಮೇಡಂ. ಆದರೆ 36 ಬೇಡ, 12 ಸಾಕು.

ತೀರ್ಥಳ್ಳಿ_ಹುಡುಗ | ಬೆಳಿಗ್ಗೆ 8:15

ನೀವು ಬರೆದ ಆ ಒಂಬತ್ತು ಗಿಡದ ಪಟ್ಟಿಯನ್ನು ಇನ್ನೊಂದು ಸಲ ಓದಿ ಅಕ್ಕಾ. ಏಪ್ರಿಲ್ ಬಿಸಿಲು, ಕಾದ ಕಾಂಕ್ರೀಟು, ಐದು ದಿನದಲ್ಲಿ ಎರಡು ದಿನ ನೀರಿಲ್ಲ. ಅಂಥದ್ದರಲ್ಲೂ ಉಳಿದಿವೆ. ನಿಮ್ಮ ತಾರಸಿಗೆ ಒಗ್ಗೋ ಗಿಡ ಯಾವುದು ಅಂತ ಅವೇ ಹೇಳ್ತಿವೆ. ಹೂಕೋಸು, ಕ್ಯಾರೆಟ್, ದಪ್ಪ ಮೆಣಸಿನಕಾಯಿ ಇವೆಲ್ಲ ದಿನಾ ಕಣ್ಣಿಟ್ಟು ನೋಡ್ಕೋಬೇಕಾದ ಬೆಳೆಗಳು. ಅಂಗಡಿ ಬುಟ್ಟಿ ನೋಡಿ ತೋಟ ಮಾಡಿದರೆ ಹೀಗೇ ಆಗೋದು.

ನಮ್ಮಜ್ಜಿ ಹಿತ್ತಿಲಲ್ಲಿ "ತರಕಾರಿ ಬೆಳೀತೀನಿ" ಅಂತ ಯಾವತ್ತೂ ಹೇಳಿದವರಲ್ಲ. ಬಚ್ಚಲ ನೀರು ಹರಿಯೋ ಕಡೆ ಕೆಸು, ಅದರ ಪಕ್ಕ ಒಂದೆಲಗ, ಬೇಲಿ ಮೇಲೆ ತೊಂಡೆ, ಕೊಟ್ಟಿಗೆ ಮಾಡಿಗೆ ಬಸಳೆ, ಮೂಲೆಯಲ್ಲಿ ಸುವರ್ಣಗೆಡ್ಡೆ, ಎಲ್ಲೆಲ್ಲೋ ಹಕ್ಕಿ ಹಾಕಿದ ಸೂಜಿಮೆಣಸು. ಒಂದು ಸಲ ಊರಿದರೆ ವರ್ಷಗಟ್ಟಲೆ ಇರುವಂಥವು. ಬೀಜ ಹಾಕೋದು, ಸಸಿ ಮಾಡೋದು, ಕಿತ್ತು ನೆಡೋದು ಯಾವುದೂ ಇಲ್ಲ. ಕೈತೋಟದ ಅರ್ಧ ಕೆಲಸ ಹೋಗೋದೇ ಅದರಲ್ಲಿ.

ಜಯನಗರ_ತಾರಸಿ | ಬೆಳಿಗ್ಗೆ 8:40

ಡ್ರಿಪ್ ಬಗ್ಗೆ ನಾನು ಹೇಳ್ತೀನಿ, ಮೂರು ವರ್ಷದಿಂದ ಬಳಸ್ತಿದ್ದೀನಿ. ಒಟ್ಟು 3,200 ರೂಪಾಯಿ ಖರ್ಚಾಯ್ತು. ಇದರಿಂದ ನೀರು ಹಾಕೋ ಕೆಲಸ ಹೋಗುತ್ತೆ, ಡ್ರಿಪ್ ನೋಡ್ಕೊಳ್ಳೋ ಕೆಲಸ ಬರುತ್ತೆ. ಮೊದಲೇ ತಿಳಿದಿದ್ದರೆ ಒಳ್ಳೆಯದು ಅನ್ನೋ ಮಾತು ಮೂರಿವೆ.

ಮೊದಲನೆಯದು ಒತ್ತಡ. ತಾರಸಿ ಮೇಲೆಯೇ ನೀರಿನ ಟ್ಯಾಂಕ್ ಇದ್ದು, ಅದು ಗಿಡಕ್ಕಿಂತ ಮೂರ್ನಾಲ್ಕು ಅಡಿ ಮಾತ್ರ ಎತ್ತರದಲ್ಲಿದ್ದರೆ ಸಾಮಾನ್ಯ ಸೊಲೆನಾಯ್ಡ್ ಟೈಮರ್ (ತೆರೆಯೋಕೆ ನೀರಿನ ಒತ್ತಡ ಬೇಕಾಗೋದು) ತೆರೆಯೋದೇ ಇಲ್ಲ. ಬಾಲ್ ವಾಲ್ವ್ ಇರೋ ಟೈಮರ್ ಕೇಳಿ ತಗೊಳ್ಳಿ, ಅದು ಕಡಿಮೆ ಒತ್ತಡದಲ್ಲೂ ನಡೆಯುತ್ತೆ. ನಾನು ಕೇಳದೆ ತಂದು ಒಂದು ಟೈಮರ್ ದಂಡ ಮಾಡಿಕೊಂಡೆ.

ಎರಡನೆಯದು ಬೋರ್‌ವೆಲ್ ನೀರು. ಸುಣ್ಣ ಕಟ್ಟಿ ಡ್ರಿಪ್ಪರ್ ತೂತು ಮುಚ್ಚುತ್ತೆ. ತಿಂಗಳಿಗೊಮ್ಮೆ ಬಿಚ್ಚಿ ವಿನೆಗರ್ ನೀರಿನಲ್ಲಿ ನೆನೆಸಿಡಬೇಕು. ಎರಡು ಡ್ರಿಪ್ಪರ್ ಕಟ್ಟಿಕೊಂಡಿದ್ದು ನನಗೆ ಗೊತ್ತಾಗಿದ್ದೇ ಆ ಎರಡು ಗಿಡ ಸತ್ತ ಮೇಲೆ.

ಕೊನೆಯದಾಗಿ, ಟೈಮರ್ ಇದೆ ಅಂತ ಮೇಲೆ ಹೋಗೋದನ್ನೇ ಬಿಟ್ಟರೆ ಹುಳ ಬಂದಿದ್ದು ತಿಳಿಯಲ್ಲ. ನಮ್ಮ ಟೊಮೆಟೊಗೆ ಎಲೆ ಮುದುಡು ರೋಗ ಹಿಡಿದು ಹತ್ತು ದಿನ ಆದ ಮೇಲೆ ನೋಡಿದೆ. ಅಷ್ಟರಲ್ಲಿ ಬಿಳಿ ನೊಣ ಎಲ್ಲಾ ಗಿಡಕ್ಕೂ ಹಂಚಿಬಿಟ್ಟಿತ್ತು.

ಮಂಡ್ಯ_ರಾಗಿ | ಬೆಳಿಗ್ಗೆ 9:05

ಡ್ರಿಪ್ಪು ಟೈಮರ್ರು ಎಲ್ಲಾ ಸರಿ ಕಣಣ್ಣ, ನೀರೇ ಇಲ್ದಿದ್ರೆ ಏನ್ ಮಾಡೀಯೆ? 2024ರ ಬ್ಯಾಸಿಗೇಲಿ ಬೆಂಗಳೂರಲ್ಲಿ ಕುಡಿಯೋ ನೀರ ಗಿಡಕ್ಕೆ ಹಾಕಂಗಿಲ್ಲ, ಹಾಕುದ್ರೆ 5,000 ದಂಡ ಅಂತ ಜಲಮಂಡಳಿ ಆರ್ಡರ್ ಮಾಡಿರ್ಲಿಲ್ವಾ?

ಜಯನಗರ_ತಾರಸಿ | ಬೆಳಿಗ್ಗೆ 9:12

ಹೌದು, ಆ ವರ್ಷ ಮಾರ್ಚ್‌ನಲ್ಲಿ. ನಾನು ಅಕ್ಕಿ ಬೇಳೆ ತೊಳೆದ ನೀರು, ತರಕಾರಿ ತೊಳೆದ ನೀರು ಒಂದು ಬಕೆಟ್‌ನಲ್ಲಿ ಹಿಡಿದು ಹಾಕ್ತಿದ್ದೆ. ದಿನಕ್ಕೆ 12 ಲೀಟರ್ ಸಿಗ್ತಿತ್ತು. 20 ಗಿಡಕ್ಕೆ ಅದು ಸಾಲಲಿಲ್ಲ, 8 ಗಿಡ ಉಳಿಸಿಕೊಂಡೆ. ಹಂಗಾಗಿ "12 ಸಾಕು" ಅಂದವರ ಮಾತಿಗೆ ನನ್ನದೂ ಒಪ್ಪಿಗೆ ಇದೆ. ನಿಮ್ಮ ಮನೆಯಲ್ಲಿ ಯಾವ ನೀರು ಸುಮ್ಮನೆ ಹರಿದು ಹೋಗ್ತಿದೆ ಅಂತ ಮೊದಲು ಅಳೆದು, ಆಮೇಲೆ ಕುಂಡ ಎಷ್ಟು ಅಂತ ತೀರ್ಮಾನ ಮಾಡಿ.

ಹೊಸಬ_ತೋಟ | ಬೆಳಿಗ್ಗೆ 9:20

ಆರ್‌ಒ ಫಿಲ್ಟರ್‌ನಿಂದ ಹೊರಗೆ ಹೋಗೋ ನೀರು ಹಾಕಬಹುದಾ? ನಮ್ಮ ಮನೆಯಲ್ಲಿ ದಿನಕ್ಕೆ ಎರಡು ಬಕೆಟ್ ಆಗುತ್ತೆ.

ಸಸ್ಯಶಾಸ್ತ್ರ_ಮೇಷ್ಟ್ರು | ಬೆಳಿಗ್ಗೆ 9:34

ಕುಂಡಕ್ಕೆ ದಿನಾ ಅದನ್ನೇ ಹಾಕಬೇಡಿ. ನೀರು ಶುದ್ಧ ಮಾಡುವಾಗ ತೆಗೆದ ಲವಣವೆಲ್ಲ ಅದರಲ್ಲಿ ಸೇರಿರುತ್ತದೆ. ನೆಲದ ಮಣ್ಣಾದರೆ ಮಳೆಗೆ ತೊಳೆದು ಹೋಗುತ್ತದೆ, ಕುಂಡದಲ್ಲಿ ಅಲ್ಲೇ ಉಳಿಯುತ್ತದೆ. ಎಲೆಯ ಅಂಚು ಕಂದಾಗಿ ಸುಟ್ಟಂತೆ ಕಂಡರೆ ಅದೇ ಕಾರಣ ಇರಬಹುದು. ನೆಲ ಒರೆಸಲು ಬಳಸಿ. ಎಸಿಯಿಂದ ತೊಟ್ಟಿಕ್ಕುವ ನೀರಿನಲ್ಲಿ ಲವಣವಿರುವುದಿಲ್ಲ, ಅದನ್ನು ಗಿಡಕ್ಕೆ ಹಾಕಬಹುದು.

ಧಾರವಾಡದಾಂವ | ಬೆಳಿಗ್ಗೆ 10:02

ನೀರಿನ ಮಾತು ಬಂತಂದ್ರ ನಾ ಸುಮ್ನ ಕೂಡಂಗಿಲ್ಲರಿ. ನಮ್ಮ ಹುಬ್ಬಳ್ಳಿ-ಧಾರವಾಡದಾಗ ಎಂಟ್ ದಿನಕ್ಕೊಮ್ಮೆ ನಳಾ ಬರೂ ಕಾಲ ನೋಡೇವಿ. ಅಂಥಾದ್ರಾಗೂ ನಮ್ಮವ್ವ ಹಿತ್ತಲದಾಗ ಪಲ್ಲೆ ಬೆಳದಾಳ.

ನಾ ಮಾಡೂದು ಇಷ್ಟರಿ. ಕುಂಬಾರ ಓಣ್ಯಾಗ ಸುಟ್ಟ ಮಣ್ಣಿನ ಸಣ್ಣ ಗಡಿಗಿ ಸಿಗ್ತಾವ. ದೊಡ್ಡ ಕುಂಡದ ನಡಬರಕ ಅದನ್ನ ಕುತ್ತಿಗಿ ತನಕ ಹುಗಿಬೇಕು, ಸುತ್ತಲೂ ಗಿಡ ಹಚ್ಚಬೇಕು. ಗಡಿಗಿ ತುಂಬ ನೀರು ಹಾಕಿ ಮ್ಯಾಲ ತಾಟು ಮುಚ್ಚಬೇಕು, ಇಲ್ಲಾಂದ್ರ ಸೊಳ್ಳಿ ಮೊಟ್ಟಿ ಇಡ್ತಾವ. ನೀರು ತಾನಾ ಜಿನಗತೈತಿ, ಮಣ್ಣು ಎಷ್ಟು ಒಣಗಿರತೈತಿ ಅಷ್ಟ ಎಳಕೋತೈತಿ. ಎರಡು ಲೀಟರಿನ ಗಡಿಗಿ ಬ್ಯಾಸಗ್ಯಾಗ ಮೂರ್ ದಿನಾ ಬರತೈತಿ, ಮಳಿಗಾಲ ಮುಗದ ಮ್ಯಾಲ ವಾರಾನೂ ಬರತೈತಿ. ಬಣ್ಣಾ ಹಚ್ಚಿದ್ದು, ಪಾಲಿಶ್ ಮಾಡಿದ್ದು ತರಬ್ಯಾಡ್ರಿ, ಅದು ಜಿನಗಂಗಿಲ್ಲ. ಇದಕ್ಕ ಬ್ಯಾಟರಿನೂ ಬ್ಯಾಡ, ಕರೆಂಟೂ ಬ್ಯಾಡ.

ಮತ್ತ ಪುಂಡಿಪಲ್ಲೆ (ಗೋಂಗುರ ಸೊಪ್ಪು) ಹಚ್ರಿ. ನೀರು ಕೊಟ್ರೂ ಬೆಳಿತೈತಿ, ಮರತ್ರೂ ಬೆಳಿತೈತಿ.

ಮೈಸೂರ_ಮಲ್ಲಿಗೆ | ಬೆಳಿಗ್ಗೆ 10:20

ಗಡಿಗೆ ವಿಷಯ ತುಂಬಾ ಹಿಡಿಸಿತು ಸರ್! ಆದರೆ ನನ್ನ ಬ್ಯಾಗ್‌ಗಳೆಲ್ಲ 12 ಅಂಗುಲದವು. ಅದರೊಳಗೆ ಗಡಿಗೆ ಇಟ್ಟರೆ ಗಿಡಕ್ಕೆ ಜಾಗ ಎಲ್ಲಿ?

ಹಿತ್ತಲಗಿಡ | ಬೆಳಿಗ್ಗೆ 10:31

ನಿಮ್ಮ ತೊಂದರೆ ಇರೋದೇ ಅಲ್ಲಿ ಮೇಡಂ. 12 ಅಂಗುಲದ ಕಪ್ಪು ಬ್ಯಾಗು ಮೈಸೂರಿನ ಏಪ್ರಿಲ್ ಬಿಸಿಲಲ್ಲಿ ಮಧ್ಯಾಹ್ನದ ಹೊತ್ತಿಗೆ ಕಾದು, ಬೇರು ಬೆಂದ ಹಾಗಾಗುತ್ತೆ. ಕೊಕೊಪೀಟ್ (ತೆಂಗಿನ ನಾರಿನ ಪುಡಿ) ಜಾಸ್ತಿ ಹಾಕಿದ ಮಿಶ್ರಣ ಒಣಗಿ ಕುಗ್ಗಿದರೆ ಬ್ಯಾಗಿನ ಅಂಚು ಬಿಟ್ಟುಕೊಳ್ಳುತ್ತೆ. ಆಮೇಲೆ ನೀವು ಹಾಕಿದ ನೀರು ಬದಿಯಿಂದ ಸರ್ರನೆ ಕೆಳಗಿಳಿದು ಹೋಗುತ್ತೆ. ಕೆಳಗೆ ನೀರು ಬಂತು, ಸಾಕು ಅಂದ್ಕೋತೀವಿ, ಒಳಗೆ ಬೇರು ಒಣಗೇ ಇರುತ್ತೆ.

ನಾಲ್ಕು ಸಣ್ಣ ಬ್ಯಾಗಿನ ಬದಲು ಒಂದು ದೊಡ್ಡದು ಇಡಿ. 24 ಅಂಗುಲ ಅಗಲ, 15 ಅಂಗುಲ ಆಳ. ಮೇಲೆ ಮೂರು ಅಂಗುಲ ಒಣ ಎಲೆ, ತೆಂಗಿನ ಸಿಪ್ಪೆ, ಕಬ್ಬಿನ ಸಿಪ್ಪೆ, ಏನು ಸಿಕ್ಕಿದರೂ ಮುಚ್ಚಿ. ಮಣ್ಣು ಬಿಸಿಲಿಗೆ ಬರಿಮೈಯಲ್ಲಿ ಇರಬಾರದು. ನಾನು ಈ ಎರಡೇ ಬದಲಾವಣೆ ಮಾಡಿದ್ದು, ದಿನಾ ನೀರು ಹಾಕೋದು ಮೂರು ದಿನಕ್ಕೊಮ್ಮೆ ಆಯ್ತು.

ಸಿವಿಲ್_ಎಂಜಿನಿಯರ್ | ಬೆಳಿಗ್ಗೆ 11:10

ದೊಡ್ಡ ಬ್ಯಾಗ್ ಅಂತ ಸಲಹೆ ಕೊಡುವವರು ಭಾರದ ವಿಷಯವನ್ನೂ ಹೇಳಬೇಕು. ಜನ ಓಡಾಡುವ ತಾರಸಿಗೆ ಕಟ್ಟಡದ ಭಾರದ ಲೆಕ್ಕಕ್ಕಿರುವ ಭಾರತೀಯ ಮಾನದಂಡ ಐಎಸ್ 875ರ ಎರಡನೇ ಭಾಗದ ಪ್ರಕಾರ ಚದರ ಮೀಟರಿಗೆ 1.5 ಕಿಲೋನ್ಯೂಟನ್, ಅಂದರೆ ಸುಮಾರು 150 ಕೆಜಿ ಚರಭಾರ (ಜನ, ಸಾಮಾನಿನ ಭಾರ) ಹಿಡಿದು ವಿನ್ಯಾಸ ಮಾಡುತ್ತೇವೆ. ಒಂದು ಚದರ ಮೀಟರಿನಲ್ಲಿ ಒಂದಡಿ ಎತ್ತರ ಒದ್ದೆ ಮಣ್ಣು ತುಂಬಿದರೆ 450ರಿಂದ 500 ಕೆಜಿ ಬರುತ್ತದೆ. ಮೂರು ಪಟ್ಟು! ತಾರಸಿ ನಡುವೆ ಇಟ್ಟಿಗೆ ಕಟ್ಟಿ ಮಣ್ಣು ತುಂಬಿ, ಕೆಳಗಿನ ಕೋಣೆಯ ಸೂರು ಬಿರುಕು ಬಿಟ್ಟ ಮನೆಗಳನ್ನು ನಾನೇ ಹೋಗಿ ನೋಡಿದ್ದೇನೆ.

ದೊಡ್ಡ ಕುಂಡಗಳನ್ನು ಗೋಡೆ ಅಥವಾ ತೊಲೆ ಇರುವ ಸಾಲಿನ ಮೇಲೆ, ಪ್ಯಾರಪೆಟ್ ಪಕ್ಕ ಇಡಿ. ಚಾವಣಿಯ ನಡುಭಾಗ ಖಾಲಿ ಇರಲಿ. ಕುಂಡದ ಕೆಳಗೆ ಎರಡು ಇಟ್ಟಿಗೆ ಕೊಟ್ಟು ಗಾಳಿ ಆಡುವಂತೆ ಮಾಡಿ, ಇಲ್ಲದಿದ್ದರೆ ಅಲ್ಲಿ ಸದಾ ತೇವ ನಿಂತು ಸೋರಿಕೆ ಶುರುವಾಗುತ್ತದೆ. ಮನೆ ಹಳೆಯದಾಗಿದ್ದರೆ ಒಮ್ಮೆ ತಿಳಿದವರನ್ನು ಕರೆಸಿ ತೋರಿಸಿ.

ಹಿತ್ತಲಗಿಡ | ಬೆಳಿಗ್ಗೆ 11:18

ಒಪ್ಪಿದೆ ಸರ್. ನಾನು ಅದನ್ನು ಬರೆಯಬೇಕಿತ್ತು.

ಬೀಜದ_ಬುಟ್ಟಿ | ಬೆಳಿಗ್ಗೆ 11:45

ಟೊಮೆಟೊ ತಳ ಕಪ್ಪಾಗೋದು ಕ್ಯಾಲ್ಸಿಯಂ ಕೊರತೆ. ಮೊಟ್ಟೆ ಸಿಪ್ಪೆ ಪುಡಿ ಮಾಡಿ ಬುಡಕ್ಕೆ ಹಾಕಿ, ಸರಿ ಹೋಗುತ್ತೆ.

ಸಸ್ಯಶಾಸ್ತ್ರ_ಮೇಷ್ಟ್ರು | ಮಧ್ಯಾಹ್ನ 12:03

ಅರ್ಧ ಸರಿ. ಕಾಯಿಗೆ ಕ್ಯಾಲ್ಸಿಯಂ ತಲುಪಿಲ್ಲ ಅನ್ನುವುದು ನಿಜ. ಆದರೆ ಮಣ್ಣಿನಲ್ಲಿ ಅದು ಇಲ್ಲ ಅಂತ ಅರ್ಥವಲ್ಲ. ಕ್ಯಾಲ್ಸಿಯಂ ನೀರಿನ ಜೊತೆಯಲ್ಲೇ ಬೇರಿನಿಂದ ಮೇಲೇರಬೇಕು. ಎರಡು ದಿನ ಒಣಗಿಸಿ ಮೂರನೇ ದಿನ ಕುಂಡ ತುಂಬ ನೀರು ಹಾಕಿದರೆ ಆ ಹರಿವು ನಿಂತು ನಿಂತು ಸಾಗುತ್ತದೆ. ಗಿಡ ಎಲೆಗೆ ಕಳಿಸುತ್ತದೆ, ಕಾಯಿಯ ತುದಿಗೆ ಸಾಲುವುದಿಲ್ಲ. ಮೊಟ್ಟೆ ಸಿಪ್ಪೆ ಕರಗಲು ತಿಂಗಳುಗಳೇ ಬೇಕು, ಈ ಬೆಳೆಗೆ ಅದರಿಂದ ಉಪಯೋಗವಾಗದು. ನೀರು ಒಂದೇ ಸಮ ಸಿಗುವಂತೆ ಮಾಡಿದರೆ ಮುಂದಿನ ಕಾಯಿಗಳು ಚೆನ್ನಾಗಿ ಬರುತ್ತವೆ. ಧಾರವಾಡದವರ ಗಡಿಗೆ ಇದಕ್ಕೂ ಆಗುತ್ತದೆ.

ಬೀಜದ_ಬುಟ್ಟಿ | ಮಧ್ಯಾಹ್ನ 12:15

ಮೇಷ್ಟ್ರೇ, ನಾನು ಹತ್ತು ವರ್ಷದಿಂದ ಸಿಪ್ಪೆ ಹಾಕ್ತಿದ್ದೀನಿ, ನನಗೆ ಆ ರೋಗ ಬಂದೇ ಇಲ್ಲ.

ಸಸ್ಯಶಾಸ್ತ್ರ_ಮೇಷ್ಟ್ರು | ಮಧ್ಯಾಹ್ನ 12:21

ನೀವು ಹತ್ತು ವರ್ಷದಿಂದ ಹೊತ್ತು ಹೊತ್ತಿಗೆ ನೀರನ್ನೂ ಹಾಕುತ್ತಿದ್ದೀರಿ ಅಲ್ಲವೇ?

ಬೀಜದ_ಬುಟ್ಟಿ | ಮಧ್ಯಾಹ್ನ 12:26

ಹಾಕ್ತೀನಿ, ದಿನಾ ಬೆಳಿಗ್ಗೆ ಆರಕ್ಕೆ. ಸರಿ, ಈ ವರ್ಷ ಎರಡು ಗಿಡಕ್ಕೆ ಸಿಪ್ಪೆ ಹಾಕದೆ ನೋಡ್ತೀನಿ.

ಟೊಮೆಟೊ ಬಿಡೋಕೆ ಮನಸ್ಸಿಲ್ಲದವರಿಗೆ ಇನ್ನೊಂದು ಮಾತು. ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯವರ 'ಅರ್ಕಾ ರಕ್ಷಕ್' ಹಾಕಿ. ಎಲೆ ಮುದುಡು ನಂಜು, ದುಂಡಾಣು ಸೊರಗು ರೋಗ, ಅಂಗಮಾರಿ ಮೂರಕ್ಕೂ ತಡೆ ಇರೋ ತಳಿ ಅದು. ಬೆಂಡೆಗೆ 'ಅರ್ಕಾ ಅನಾಮಿಕ', ಹಳದಿ ನಂಜು ರೋಗ ಕಡಿಮೆ. ಔಷಧಿ ಹೊಡೆಯೋ ಕೆಲಸವೇ ತಪ್ಪುತ್ತಲ್ಲ.

ತೀರ್ಥಳ್ಳಿ_ಹುಡುಗ | ಮಧ್ಯಾಹ್ನ 12:50

ಅರ್ಕಾ ರಕ್ಷಕ್ ಎಫ್-1 ಹೈಬ್ರಿಡ್, ಅಂದರೆ ಎರಡು ತಳಿ ಕೂಡಿಸಿದ ಮೊದಲ ಪೀಳಿಗೆ. ಅದರ ಬೀಜ ಇಟ್ಟು ಮತ್ತೆ ಹಾಕಿದರೆ ಅದೇ ಗುಣ ಬರಲ್ಲ, ಪ್ರತಿ ಸಲ ಕೊಂಡುಕೊಳ್ಳಬೇಕು. ನಾಟಿ ಟೊಮೆಟೊ ಒಂದು ಹಣ್ಣು ಹಿಚುಕಿ ಮೂಲೆಗೆ ಎಸೆದರೆ ತಾನೇ ಹುಟ್ಟುತ್ತೆ.

ಬೀಜದ_ಬುಟ್ಟಿ | ಮಧ್ಯಾಹ್ನ 12:58

ಹುಟ್ಟುತ್ತೆ ಸರಿ, ಅದಕ್ಕೆ ನಂಜು ಬಂದರೆ? ನೆಲದಲ್ಲಿ ಇಪ್ಪತ್ತು ಗಿಡ ಇದ್ದು ಐದು ಹೋದರೆ ನಿಮಗೆ ಲೆಕ್ಕ ಇಲ್ಲ. ತಾರಸಿಯಲ್ಲಿ ಇರೋ ಎರಡೇ ಗಿಡ ಹೋದರೆ ಅಲ್ಲಿಗೆ ಮುಗೀತು. ಅರ್ಕಾ ಅನಾಮಿಕ ಹೈಬ್ರಿಡ್ ಅಲ್ಲ, ಅದರ ಬೀಜ ಇಟ್ಟುಕೊಳ್ಳಬಹುದು. ಎಲ್ಲವನ್ನೂ ಒಂದೇ ತಕ್ಕಡಿಗೆ ಹಾಕಬೇಡಿ.

ಕುಂದಾಪ್ರದ_ಅಮ್ಮ | ಮಧ್ಯಾಹ್ನ 2:30

ಊಟ ಮುಗ್ಸಿ ಈಗ ನೋಡಿದೆ. ಮೆಣಸಿನ ಗಿಡದ ಬಿಳಿ ಹತ್ತಿ ಅಂದ್ರೆ ಅದು ಹಿಟ್ಟು ತಿಗಣೆ ಮಾರಾಯ್ರೆ. ಬರೀ ಅದನ್ನು ನೋಡಿದ್ರೆ ಸಾಲದು, ಇರುವೆ ಹತ್ತಿ ಇಳಿತಾ ಉಂಟಾ ನೋಡಿ. ತಿಗಣೆ ಬಿಡುವ ಸಿಹಿ ಅಂಟಿಗೆ ಇರುವೆ ಬರುವುದು, ಇರುವೆಯೇ ಅದನ್ನು ಕಾಯುವುದು, ಬೇರೆ ಗಿಡಕ್ಕೆ ದಾಟಿಸುವುದೂ ಅದೇ. ಮೊದಲು ನೀರಿನ ಪೈಪ್ ಹಿಡಿದು ಜೋರಾಗಿ ತೊಳೀರಿ. ಮತ್ತೆ ಒಂದು ಲೀಟರ್ ನೀರಿಗೆ 5 ಎಂಎಲ್ ಬೇವಿನೆಣ್ಣೆ, ನಾಲ್ಕು ಹನಿ ಸೋಪಿನ ನೀರು ಹಾಕಿ ಕಲಸಿ, ಸಂಜೆ ಹೊತ್ತಿಗೆ ಎಲೆ ಅಡಿಗೆ ಹೊಡೀರಿ. ಬಿಸಿಲಲ್ಲಿ ಹೊಡೆದ್ರೆ ಎಲೆ ಸುಡುತ್ತದೆ. ವಾರಕ್ಕೊಮ್ಮೆ ಮೂರು ಸಲ.

ನಮ್ಮಲ್ಲಿ ಮಳೆಗಾಲದಲ್ಲಿ ಬಸವನಹುಳದ ಕಾಟ. ಅಂಗೈ ಅಗಲದ್ದು, ಆಫ್ರಿಕದ್ದಂತೆ. ಒಂದು ರಾತ್ರಿಗೆ ಹರಿವೆ ಮಡಿಯೇ ಖಾಲಿ. ಕೆಲವರು ಉಪ್ಪು ಹಾಕ್ತಾರೆ, ದಯವಿಟ್ಟು ಹಾಗೆ ಮಾಡಬೇಡಿ, ಮಣ್ಣು ಹಾಳಾಗ್ತದೆ. ಒದ್ದೆ ಗೋಣಿಯ ಅಡಿಗೆ ಪಪ್ಪಾಯಿ ಎಲೆ ಇಟ್ರೆ ಬೆಳಿಗ್ಗೆ ಎಲ್ಲ ಅಲ್ಲಿ ಸೇರಿರ್ತಾವೆ. ಆರಿಸ್ಲಿಕ್ಕೆ ಕೈಗೆ ಕವರ್ ಹಾಕ್ಕೊಳ್ಳಿ.

ಸಸ್ಯಶಾಸ್ತ್ರ_ಮೇಷ್ಟ್ರು | ಮಧ್ಯಾಹ್ನ 2:52

ಹಿಟ್ಟು ತಿಗಣೆ ಎಂದಾಗ ನೆನಪಾಯಿತು. 2008ರ ಸುಮಾರಿಗೆ ಪಪ್ಪಾಯಿ ಹಿಟ್ಟು ತಿಗಣೆ ದಕ್ಷಿಣ ಭಾರತಕ್ಕೆ ಬಂದು ಪಪ್ಪಾಯಿ, ಹಿಪ್ಪುನೇರಳೆ ತೋಟಗಳನ್ನು ಹಾಳು ಮಾಡಿತ್ತು. ಎಷ್ಟು ಔಷಧಿ ಹೊಡೆದರೂ ಬಗ್ಗಲಿಲ್ಲ. 2010ರಲ್ಲಿ ಹೆಬ್ಬಾಳದಲ್ಲಿರುವ ರಾಷ್ಟ್ರೀಯ ಕೀಟ ಸಂಸ್ಥೆಯವರು ಪೋರ್ಟೊ ರಿಕೊದಿಂದ ಸಣ್ಣ ಪರಾವಲಂಬಿ ಕಣಜಗಳನ್ನು ತರಿಸಿ ಬಿಟ್ಟರು. ಸಾಸಿವೆ ಕಾಳಿಗಿಂತ ಚಿಕ್ಕ ಕಣಜ. ಅದು ತಿಗಣೆಯೊಳಗೆ ಮೊಟ್ಟೆಯಿಟ್ಟು ಒಳಗಿಂದಲೇ ಮುಗಿಸುತ್ತದೆ. ಹಾವಳಿ ಹತೋಟಿಗೆ ಬಂದಿದ್ದು ಅದರಿಂದ. ಇದನ್ನು ಯಾಕೆ ಹೇಳುತ್ತೇನೆಂದರೆ, ಗುಲಗಂಜಿ ಹುಳ, ಜೇಡ, ಕಣಜ ಕಂಡರೆ ಗಾಬರಿಯಿಂದ ಔಷಧಿ ಹೊಡೆಯಬೇಡಿ. ನೀವು ಮೇಲೆ ಹೋಗದ ದಿನವೂ ನಿಮ್ಮ ಪರವಾಗಿ ಕೆಲಸ ಮಾಡುತ್ತಿರುವವರು ಅವರೇ.

ಶಿರಸಿ_ಬೆಟ್ಟ | ಮಧ್ಯಾಹ್ನ 3:20

ಹುಳ, ತಿಗಣೆ ಎಲ್ಲಾ ಆಯ್ತು, ಮಂಗಕ್ಕೆ ಏನು ಮಾಡ್ತೀರಿ ಹೇಳಿ. ನಮ್ಮಲ್ಲಿ ಬಾಳೆ, ಸೌತೆ, ಬದನೆ, ಸೀಬೆ ಏನೂ ಕೈಗೆ ಸಿಗ್ತಿಲ್ಲೆ. ಬಲೆ ಕಟ್ಟಿದ್ರೆ ಹರೀತವು. ನಾಯಿ ಸಾಕಿದ್ರೆ ಮೊದಲ ತಿಂಗಳು ಹೆದರ್ತವು, ಆಮೇಲೆ ಇಲ್ಲ. ಈಗ ನಾವು ಮಂಗ ಮುಟ್ಟದ್ದನ್ನೇ ಬೆಳೀತಾ ಇದ್ದೇವೆ. ಸುವರ್ಣಗೆಡ್ಡೆ, ಕೆಸು, ಸೂಜಿಮೆಣಸು, ಅರಿಶಿನ, ಶುಂಠಿ.

ಮಂಡ್ಯ_ರಾಗಿ | ಮಧ್ಯಾಹ್ನ 3:31

ನಮ್ ಕಡೆ ನವಿಲು ಕಣಣ್ಣ. ಅವರೆ ಮೊಳಕೆ ಬಂದಂಗೆ ಕಿತ್ತಾಕ್ತವೆ.

ಅಂದಂಗೆ ಅವರೆ ಅಂದೆ. ತಾರಸೀಲಿ ಅವರೆ ಹಾಕ್ದೆ, ಫೆಬ್ರವರೀಲಿ. ಬಳ್ಳಿ ಆಳೆತ್ತರ ಹಬ್ಬುತು, ಒಂದ್ ಹೂವೂ ಬರ್ನಿಲ್ಲ. ಯಾಕೆ ಅಂತ ಯಾರಾರ ಹೇಳೀರಾ?

ಸಸ್ಯಶಾಸ್ತ್ರ_ಮೇಷ್ಟ್ರು | ಮಧ್ಯಾಹ್ನ 3:44

ನಾಟಿ ಅವರೆಗೆ ಹಗಲು ಚಿಕ್ಕದಾದರೇ ಹೂವು. ಜುಲೈ, ಆಗಸ್ಟ್‌ನಲ್ಲಿ ಹಾಕಿದರೆ ಕಾರ್ತಿಕ ಕಳೆಯುವಾಗ ಹೂ ಬಿಟ್ಟು ಧನುರ್ಮಾಸಕ್ಕೆ ಕಾಯಿ ಕೊಡುತ್ತದೆ. ಫೆಬ್ರವರಿಯಲ್ಲಿ ಹಾಕಿದರೆ ಹಗಲು ದೊಡ್ಡದಾಗುತ್ತಾ ಹೋಗುತ್ತದೆ, ಬರೀ ಬಳ್ಳಿ. ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಹೆಬ್ಬಾಳ ಅವರೆ-3, ಹೆಬ್ಬಾಳ ಅವರೆ-4 ವರ್ಷದ ಯಾವ ಕಾಲದಲ್ಲಾದರೂ ಹೂ ಬಿಡುವ ಗಿಡ್ಡ ತಳಿಗಳು. ಕುಂಡಕ್ಕೆ ಅವೇ ಅನುಕೂಲ.

ಮಂಡ್ಯ_ರಾಗಿ | ಮಧ್ಯಾಹ್ನ 3:50

ಅದ್ರಲ್ಲಿ ಸೊಗಡು ಇರಾಕಿಲ್ಲ ಮೇಷ್ಟ್ರೆ. ಸೊಗಡು ಇಲ್ದಿರೋ ಅವರೆಕಾಳು ಸಾರು ಯಾಕ್ ಬೇಕು? ನಾನು ಆಗಸ್ಟ್ ತಂಕ ಕಾಯ್ತೀನಿ.

ಟೆಕ್ಸಾಸ್_ಕನ್ನಡತಿ | ಮಧ್ಯಾಹ್ನ 4:15

ಇಲ್ಲಿ ಇನ್ನೂ ಬೆಳಗಿನ ಜಾವ, ಕಾಫಿ ಕುಡೀತಾ ಓದ್ತಿದ್ದೀನಿ. ನಮ್ಮಲ್ಲೂ ಬೇಸಿಗೆಯಲ್ಲಿ 40 ಡಿಗ್ರಿ ಬರುತ್ತೆ. ಅಮೆರಿಕನ್ ನೆರೆಯವರ ಪಾಲಕ್, ಲೆಟಿಸ್ ಮೇ ತಿಂಗಳಿಗೇ ಹೂ ಬಿಟ್ಟು ಕಹಿಯಾಗುತ್ತೆ. ನನ್ನ ಬಸಳೆ, ಅಲಸಂದೆ, ಬೆಂಡೆ ಆಗಸ್ಟ್‌ನಲ್ಲೂ ನಗ್ತಾ ಇರ್ತವೆ. ಪಕ್ಕದ ಮನೆ ಅಜ್ಜಿಗೆ ಬಸಳೆ ಕಡ್ಡಿ ಕೊಟ್ಟೆ, ಈಗ ಅವರ ಬೇಲಿ ತುಂಬಾ ಹಬ್ಬಿದೆ. ಚಳಿಗಾಲದ ಮೊದಲ ಹಿಮಕ್ಕೆ ಕಪ್ಪಾಗಿ ಸಾಯುತ್ತೆ, ಅದೊಂದೇ ಸಂಕಟ. ಕಡ್ಡಿ ಕತ್ತರಿಸಿ ಒಳಗೆ ನೀರಿನ ಲೋಟದಲ್ಲಿ ಇಟ್ಟುಕೊಳ್ತೀನಿ.

ಹೊಸಬ_ತೋಟ | ಸಂಜೆ 4:40

ನನ್ನ ಹೀರೆ ಬಳ್ಳಿಯಲ್ಲಿ ಹೂ ತುಂಬಾ ಇದೆ, ಕಾಯಿ ಬೆರಳುದ್ದ ಆಗಿ ಹಳದಿ ಬಣ್ಣಕ್ಕೆ ತಿರುಗಿ ಉದುರುತ್ತೆ. ದಿನಾ ಬೆಳಿಗ್ಗೆ ಬ್ರಷ್‌ನಲ್ಲಿ ಪರಾಗ ಮುಟ್ಟಿಸ್ತಿದ್ದೀನಿ. ಆದರೂ ಆಗ್ತಿಲ್ಲ.

ಬೀಜದ_ಬುಟ್ಟಿ | ಸಂಜೆ 4:48

ಬೆಳಿಗ್ಗೆ ಅಲ್ಲ, ಸಂಜೆ! ಹೀರೆ ಹೂ ಅರಳೋದೇ ಸಂಜೆ ಐದರ ಮೇಲೆ. ಪಡವಲ ಕತ್ತಲಾದ ಮೇಲೆ. ಸೋರೆನೂ ಸಂಜೆಯೇ. ಸಿಹಿಗುಂಬಳ, ಸೌತೆ, ಹಾಗಲ ಇವು ಬೆಳಗಿನ ಹೊತ್ತು. ನೀವು ಬ್ರಷ್ ಹಿಡಿಯೋ ಹೊತ್ತಿಗೆ ಹೂವಿನ ಕೆಲಸ ಮುಗಿದಿರುತ್ತೆ. ಇವತ್ತು ಆರು ಗಂಟೆಗೆ ಹೋಗಿ, ಗಂಡು ಹೂ ಒಂದು ಕಿತ್ತು, ದಳ ತೆಗೆದು, ಹೆಣ್ಣು ಹೂವಿನ ನಡುವೆ ಮೆಲ್ಲಗೆ ಒತ್ತಿ. ಕೆಳಗೆ ಪುಟ್ಟ ಕಾಯಿ ಇರೋದೇ ಹೆಣ್ಣು ಹೂ.

ಹೊಸಬ_ತೋಟ | ಸಂಜೆ 6:35

ಹೌದು ಅರಳಿದೆ!! ಏಳು ಹೂವಿಗೆ ಮಾಡಿದೆ.

ಜಯನಗರ_ತಾರಸಿ | ಸಂಜೆ 7:10

ಹಣದ ಲೆಕ್ಕ ಯಾರೂ ಮಾತಾಡ್ತಿಲ್ಲ, ಅದನ್ನೂ ಹೇಳಿಬಿಡ್ತೀನಿ. ಬ್ಯಾಗು, ಮಣ್ಣು, ಗೊಬ್ಬರ, ಡ್ರಿಪ್ ಎಲ್ಲಾ ಕೂಡಿದರೆ ಟೊಮೆಟೊ, ಈರುಳ್ಳಿ ಬೆಳೆದು ಹಣ ಉಳಿಸೋಕೆ ಆಗಲ್ಲ. 2023ರ ಜುಲೈನಲ್ಲಿ ಟೊಮೆಟೊ ಕೆಜಿಗೆ 100 ದಾಟಿದಾಗ ನನ್ನ ನಾಲ್ಕು ಗಿಡ ಕೊಟ್ಟಿದ್ದು ಎರಡೂವರೆ ಕೆಜಿ. ಹಣ ಉಳಿಯೋದು ದಿನಾ ಸ್ವಲ್ಪ ಸ್ವಲ್ಪ ಬೇಕಾಗಿ, ಅಂಗಡಿಯಿಂದ ತಂದರೆ ಮೂರನೇ ದಿನಕ್ಕೆ ಬಾಡೋದರಲ್ಲಿ. ಕರಿಬೇವು, ಪುದೀನ, ಹಸಿಮೆಣಸು, ದೊಡ್ಡಪತ್ರೆ, ಸೊಪ್ಪು. ಅಡುಗೆಗೆ ನಿಂತಾಗ ನಾಲ್ಕು ಎಲೆ ಕಿತ್ತುಕೊಂಡು ಬಂದರೆ ಸಾಕು.

ಕುಂದಾಪ್ರದ_ಅಮ್ಮ | ಸಂಜೆ 7:25

ಹಣ ಬಿಡಿ, ಬಸಳೆ ಸಾರು ನಿಮ್ಮದೇ ಗಿಡದ್ದು ಆದ್ರೆ ರುಚಿಯೇ ಬೇರೆ.

ಮಲ್ಲಿಗೆಯವ್ರೆ, ನಾನು ಬೆಳಿಗ್ಗೆಯಿಂದ ಒಂದು ಕೇಳ್ಬೇಕು ಅಂತ ಇದ್ದೆ. ನಿಮ್ಮ ಅಮ್ಮನಿಗೆ ಮೇಲೆ ಹತ್ಲಿಕ್ಕೆ ಆಗುದಿಲ್ಲ ಅಂದ್ರಲ್ಲ. ಗಿಡವನ್ನು ಕೆಳಗೆ ತರ್ಲಿಕ್ಕೆ ಆಗ್ತದಾ? ಗೇಟಿನ ಹತ್ತಿರ, ಅಡುಗೆ ಮನೆ ಬಾಗಿಲಲ್ಲಿ, ಎಲ್ಲಾದ್ರೂ ಎರಡಡಿ ಜಾಗ ಉಂಟಾ?

ಮೈಸೂರ_ಮಲ್ಲಿಗೆ | ರಾತ್ರಿ 9:05

ಅಮ್ಮಾ, ಇದನ್ನು ಓದಿ ಒಂದು ನಿಮಿಷ ಸುಮ್ಮನೆ ಕೂತೆ. ನಾನು ನೀರು, ಟೈಮರ್, ಬ್ಯಾಗು ಅಂತೆಲ್ಲ ಯೋಚನೆ ಮಾಡಿದ್ದೆ, ಇದು ಹೊಳೆದೇ ಇರಲಿಲ್ಲ. ಅಡುಗೆ ಮನೆ ಹಿಂದಿನ ಬಾಗಿಲ ಪಕ್ಕ ಕಾಂಪೌಂಡಿಗೆ ಸೇರಿದ ಹಾಗೆ ಮೂರಡಿ ಅಗಲದ ಪಟ್ಟಿ ಇದೆ. ಪಾತ್ರೆ ತೊಳೆಯೋ ಕಟ್ಟೆಯೂ ಅಲ್ಲೇ. ಆದರೆ ಬಿಸಿಲು ಬೆಳಿಗ್ಗೆ ಎಂಟರಿಂದ ಹನ್ನೊಂದರವರೆಗೆ ಮಾತ್ರ. ಅಷ್ಟಕ್ಕೆ ಏನಾದರೂ ಬರುತ್ತಾ?

ತೀರ್ಥಳ್ಳಿ_ಹುಡುಗ | ರಾತ್ರಿ 9:14

ಕಾಯಿ ಬಿಡೋದಕ್ಕೆ ಆರು ಗಂಟೆ ಬಿಸಿಲು ಬೇಕು ಅಕ್ಕಾ. ಸೊಪ್ಪಿಗೆ ಮೂರು ಗಂಟೆ ಸಾಕು. ಬಸಳೆ, ದೊಡ್ಡಪತ್ರೆ ಕೆಳಗೆ ತನ್ನಿ. ಒಂದೆಲಗ, ಪುದೀನ, ಚಕ್ರಮುನಿ, ಹೊನಗೊನೆ ಹೊಸದಾಗಿ ಹಾಕಿ. ಚಕ್ರಮುನಿಯಂತೂ ಕಡ್ಡಿ ಊರಿದರೆ ಸಾಕು, ಕಿತ್ತಷ್ಟೂ ಚಿಗುರುತ್ತೆ. ದಿನಾ ಬೆಳಿಗ್ಗೆ ಒಂದು ಹಿಡಿ ಹಸಿಯಾಗಿ ಅರೆದು ಕುಡಿದರೂ ಒಳ್ಳೇದು ಅಂತಾರೆ.

ಸಸ್ಯಶಾಸ್ತ್ರ_ಮೇಷ್ಟ್ರು | ರಾತ್ರಿ 9:22

ಆ ಕೊನೆಯ ಮಾತನ್ನು ದಯವಿಟ್ಟು ಯಾರೂ ಪಾಲಿಸಬೇಡಿ. 1990ರ ದಶಕದ ನಡುವೆ ತೈವಾನ್‌ನಲ್ಲಿ ತೂಕ ಇಳಿಸಲು ಹಸಿ ಚಕ್ರಮುನಿ ರಸ ಕುಡಿದ ಅನೇಕರ ಶ್ವಾಸಕೋಶ ಸರಿಪಡಿಸಲಾಗದಷ್ಟು ಕೆಟ್ಟಿತ್ತು. ಪಲ್ಯ, ತಂಬುಳಿ, ಸಾಂಬಾರಿಗೆ ಬೇಯಿಸಿ ಆಗಾಗ ತಿಂದರೆ ಭಯವಿಲ್ಲ, ನಮ್ಮ ಮನೆಯಲ್ಲೂ ತಿನ್ನುತ್ತೇವೆ. ಹಸಿ ರಸ ದಿನಾ ಬೇಡ.

ತೀರ್ಥಳ್ಳಿ_ಹುಡುಗ | ರಾತ್ರಿ 9:26

ಇದು ನನಗೆ ಗೊತ್ತಿರಲಿಲ್ಲ ಸರ್. ತಿದ್ದಿದ್ದಕ್ಕೆ ಧನ್ಯವಾದ. ನಮ್ಮ ಮನೆಯಲ್ಲೂ ಹೇಳ್ತೀನಿ.

ಧಾರವಾಡದಾಂವ | ರಾತ್ರಿ 9:40

ಪಾತ್ರಿ ತೊಳಿಯೂ ಕಟ್ಟಿ ಬಾಜೂಕ ಐತಿ ಅಂದ್ರ ನೀರಿನ ಚಿಂತಿ ಹೋತ್ರಿ. ಆದ್ರ ಸಾಬಣಾ ಇರೂ ನೀರು ಸೊಪ್ಪಿನ ಮ್ಯಾಲ ಬ್ಯಾಡ. ಅಕ್ಕಿ, ಬ್ಯಾಳಿ, ಕಾಯಿಪಲ್ಲೆ ತೊಳದದ್ದು ಅಷ್ಟ ಹಾಕ್ರಿ. ಸಾಬಣದ್ದು ಬಾಳಿಗಿಡಕ್ಕ ಬಿಡ್ರಿ. ಅವ್ವಾರಿಗೆ ಕೂತು ಕೆಲಸಾ ಮಾಡಾಕ ಒಂದು ಎತ್ತರದ ಸ್ಟೂಲ್ ಇಡ್ರಿ, ಕುಂಡಾನೂ ಇಟ್ಟಂಗಿ ಮ್ಯಾಲ ಏರಿಸ್ರಿ, ಬಗ್ಗೂದು ಬ್ಯಾಡ.

ಮೈಸೂರ_ಮಲ್ಲಿಗೆ | ಮೂರು ವಾರದ ನಂತರ, ಭಾನುವಾರ ಬೆಳಿಗ್ಗೆ 8:30

ಏನೇನು ಮಾಡಿದೆ ಅಂತ ಹೇಳ್ತೀನಿ. ತಾರಸಿಯಲ್ಲಿ ಈಗ ನಾಲ್ಕೇ ದೊಡ್ಡ ಬ್ಯಾಗು, ಎಲ್ಲಾ ಪ್ಯಾರಪೆಟ್ ಪಕ್ಕ, ಇಟ್ಟಿಗೆ ಮೇಲೆ. ಮೆಣಸು, ಬದನೆ, ಅರ್ಕಾ ಅನಾಮಿಕ ಬೆಂಡೆ, ಇನ್ನೊಂದರಲ್ಲಿ ತೊಂಡೆ ಹಾಕೋಣ ಅಂತ ಖಾಲಿ ಇಟ್ಟಿದ್ದೀನಿ. ಒಂದೊಂದರ ನಡುವೆ ಒಂದೊಂದು ಗಡಿಗೆ. ಮೂರು ದಿನಕ್ಕೊಮ್ಮೆ ತುಂಬ್ತೀನಿ. ಕರಿಬೇವು, ನುಗ್ಗೆ ಮುಂದಿನ ಗೇಟ್ ಪಕ್ಕ ನೆಲಕ್ಕೆ ಹಾಕಿದೆವು. ತಿಗಣೆ ಮೂರನೇ ಸಲ ಬೇವಿನೆಣ್ಣೆ ಹೊಡೆದ ಮೇಲೆ ಕಡಿಮೆಯಾಗಿದೆ, ಪೂರ್ತಿ ಹೋಗಿಲ್ಲ.

ಹಿಂದಿನ ಬಾಗಿಲಲ್ಲಿ ಎಂಟು ಕುಂಡ. ಅದು ಪೂರ್ತಿ ಅಮ್ಮನ ಉಸ್ತುವಾರಿ. ಬೆಳಿಗ್ಗೆ ನಾನು ಏಳೋ ಹೊತ್ತಿಗೆ ಸ್ಟೂಲ್ ಮೇಲೆ ಕೂತು ಪುದೀನದ ಹಳೇ ಎಲೆ ಬಿಡಿಸ್ತಿರ್ತಾರೆ. ಮೊನ್ನೆ ನಾನು ಬಸಳೆ ಬಳ್ಳಿಯನ್ನು ಬೇರೆ ಕಡೆ ತಿರುಗಿಸಿ ಕಟ್ಟಿದೆ ಅಂತ ಬೈದರು. ಈಗ "ಮೇಲೆ ಹೋಗಿದ್ಯಾ?" ಅಂತ ಕೇಳಲ್ಲ. ಶುಕ್ರವಾರ ಮೊದಲ ಸಲ ಒಂದೆಲಗದ ತಂಬುಳಿ ಆಯ್ತು, ಎಂಟು ಎಲೆ ಸಿಕ್ಕಿತ್ತು, ಮಜ್ಜಿಗೆ ಜಾಸ್ತಿ ಮಾಡಿದೆವು.

ಯಾರ ಹತ್ತಿರವಾದರೂ ತೊಂಡೆ ಕಡ್ಡಿ ಇದೆಯಾ? ಮೈಸೂರಲ್ಲಿ ಎಲ್ಲಿಗೆ ಬೇಕಾದರೂ ಬಂದು ತಗೊಂಡು ಹೋಗ್ತೀನಿ.

ಮಂಡ್ಯ_ರಾಗಿ | ಬೆಳಿಗ್ಗೆ 8:52

ನಮ್ಮನೇಲಿ ಐತೆ ಕಣಕ್ಕ. ಪೆನ್ಸಿಲ್ ದಪ್ಪ ಬಲ್ತಿರೋ ಕಡ್ಡಿ, ಮೂರು ಗೆಣ್ಣು ಇರಂಗೆ ಕುಯ್ದು ಒದ್ದೆ ಗೋಣೀಲಿ ಸುತ್ತಿಟ್ಟಿರ್ತೀನಿ. ಬುಧವಾರ ಮೈಸೂರ್ಗೆ ಬರೋದೈತೆ, ಬಸ್ ಸ್ಟ್ಯಾಂಡ್ ತಾವ ಬನ್ನಿ. ಕಹಿ ತೊಂಡೆ ಅಲ್ಲ, ನಾನೇ ತಿಂದು ನೋಡಿವ್ನಿ.

ಶಿರಸಿ_ಬೆಟ್ಟ | ಬೆಳಿಗ್ಗೆ 9:10

ಮಂಗದ ವಿಷಯಕ್ಕೆ ಇನ್ನೂ ಯಾರೂ ಉತ್ತರ ಹೇಳ್ಲಿಲ್ಲೆ.